ಶೀನಣ್ಣ ಎಂಬ ಐದು

ಕಡಲಿನ ತಳದಲ್ಲಿ ಮನುಷ್ಯ ಬದುಕಬಲ್ಲನೇ ಎಂದು ದೊಡ್ಡ ದೊಡ್ಡವರೆಲ್ಲ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಅಲ್ಲಿ ಕೂತು ಅವನು ಒಂದು ಲೆಕ್ಕ ಹೇಳಬಲ್ಲನೇ ಎಂದು ಕೇಳಿದವರು ಮಾತ್ರ ಒಬ್ಬರೇ, ನಮ್ಮ ನಿರ್ದೇಶಕ ಹೇರ್ಳೆಯವರು. ಕೇಳಿ ಸುಮ್ಮನಿರಲಿಲ್ಲ, ನನ್ನನ್ನು ಹಿಡಿದು ನೀರಿಗೆ ದೂಡಿದರು.

ಗಂಗೊಳ್ಳಿಯಿಂದ ಪಡುವಣಕ್ಕೆ ಬೋಟಿನಲ್ಲಿ ಒಂದು ಹಗಲಿನ ದಾರಿ ಹೋಗಿ, ಅಲ್ಲಿಂದ ನೇರ ಕೆಳಕ್ಕಿಳಿದರೆ ನಮ್ಮ ನೆಲೆ. ಉಕ್ಕಿನ ಮೂರು ದೊಡ್ಡ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಮನೆ, ಸುತ್ತ ಪಾಚಿಯ ತೋಟ. ಆ ಪಾಚಿಯಿಂದ ಔಷಧಿ ಮಾಡುತ್ತಾರೆ. ಅದನ್ನು ಬೆಳೆಯಲು ಮೊದಲ ತಂಡದಲ್ಲಿ ಇಳಿದವರು ನಾವು ಎಂಟು ಜನ.

ಅಲ್ಲಿ ಕಷ್ಟ ಕೊಟ್ಟದ್ದು ನೀರಲ್ಲ, ಹೀಲಿಯಂ. ಅಷ್ಟು ಆಳದ ಒತ್ತಡದಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ ಅದರಲ್ಲಿರುವ ಸಾರಜನಕ ಹೆಂಡದ ಹಾಗೆ ತಲೆಗೇರುತ್ತದೆ. ಹಾಗಾಗಿ ಅದನ್ನು ತೆಗೆದು ಹೀಲಿಯಂ ತುಂಬುತ್ತಾರೆ. ಇದು ತಲೆಗೇರುವುದಿಲ್ಲ, ಆದರೆ ಗಂಟಲಿನ ಮರ್ಯಾದೆ ತೆಗೆಯುತ್ತದೆ. ಶಬ್ದ ಅದರಲ್ಲಿ ವಿಪರೀತ ವೇಗವಾಗಿ ಓಡುವುದರಿಂದ ಎಂಥ ಗಂಭೀರ ಗಂಡಸೂ ಬಾತುಕೋಳಿಯಾಗುತ್ತಾನೆ. ಎದುರು ಕೂತು ತುಟಿ ನೋಡುತ್ತ ಮಾತಾಡಿದರೆ ಹೇಗೋ ನಡೆಯುತ್ತದೆ. ಗೋಡೆಯಾಚೆಗಿರುವವನು ಐದು ಎಂದನೋ ಐವತ್ತು ಎಂದನೋ ದೇವರೇ ಬಲ್ಲ. ದನಿ ತಿದ್ದುವ ಯಂತ್ರ ಕೊಟ್ಟಿದ್ದರು, ನಿಜ. ಕಡಲಿನ ತೇವಕ್ಕೆ ಅದು ಸೋಮಾರಿ ಅಳಿಯನಂತೆ ಮಲಗಿದ್ದೇ ಹೆಚ್ಚು.

ಹಾಗಾಗಿ ನನಗೆ ಒಪ್ಪಿಸಿದ ಕೆಲಸ ಇದು: ಹೀಲಿಯಮ್ಮಿನಲ್ಲೂ ಕೆಡದ ಒಂದು ಭಾಷೆ ಕಟ್ಟುವುದು, ಅದರಲ್ಲೂ ಮೊದಲು ಅಂಕಿಗಳನ್ನು ಕಟ್ಟುವುದು. ನಾನು ವಾರಿಜಾ, ಓದಿದ್ದು ಗಣಿತ, ಹುಚ್ಚು ಭಾಷೆಯದು. ಅಂಕಿಯೇ ಮೊದಲು ಯಾಕೆಂದರೆ, ಪ್ರೀತಿಗೆ ಶಬ್ದವಿಲ್ಲದೆ ನಾಲ್ಕು ದಿನ ತಳ್ಳಬಹುದು. ಆಮ್ಲಜನಕದ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು ಎನ್ನುವುದಕ್ಕೆ ಶಬ್ದವಿಲ್ಲದಿದ್ದರೆ ಒಂದು ಗಂಟೆಯೂ ತಳ್ಳಲಾಗದು.

ನಾನು ಮೊದಲು ಕಟ್ಟಿದ ಲೆಕ್ಕ ಸೀಟಿಗಳದ್ದು. ಗಿಡ್ಡ ಸೀಟಿ, ಉದ್ದ ಸೀಟಿ, ಅವುಗಳ ಜೋಡಣೆ. ಕಾಗದದ ಮೇಲೆ ಅದರ ಅಂದ ನೋಡಿ ನನಗೇ ನನ್ನ ಮೇಲೆ ಗೌರವ ಬಂದಿತ್ತು. ನಮ್ಮ ಮುಳುಗುಗಾರ ಬಸವಂತ, ಧಾರವಾಡದ ಕಡೆಯವನು, ಒಂದು ವಾರ ಪಾಪ ಪ್ರಾಮಾಣಿಕವಾಗಿ ಕಲಿತ.

“ಲೆಕ್ಕ ಭಾಳ ಚಲೋ ಐತ್ರಿ ಅಕ್ಕಾರ,” ಎಂದ ಕೊನೆಗೆ. “ಆದ್ರ ಏಳು ಬರೂದ್ರಾಗ ನನ್ನ ಉಸಿರ ಮುಗೀತೈತಿ.”

ನಾನು ಮುಖ ಊದಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತೆ. ಅಡುಗೆಮನೆ ಗುಲಾಬಿಯ ರಾಜ್ಯ. ಆಕೆ ತೋಟದ ಮೇಲ್ವಿಚಾರಕಿ, ಊಟದ್ದೂ ಅವಳದೇ ಜವಾಬ್ದಾರಿ. ಅವಳ ಗಂಡ ಶೀನಣ್ಣ ಹಿರಿಯ ಮುಳುಗುಗಾರ. ಇಬ್ಬರೂ ಕುಂದಾಪುರದ ಕಡೆಯ ಮೊಗವೀರರು, ಮೀನುಗಾರರ ಮನೆಯವರು. ಹೀಲಿಯಮ್ಮಿನಲ್ಲಿ ನಾಲಗೆಗೆ ರುಚಿಯೂ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ಗುಲಾಬಿ ಪ್ರತಿಯೊಬ್ಬರ ಗಂಜಿಗೂ ಅವರವರ ನಾಲಗೆಗೆ ತಕ್ಕ ಖಾರ ಬೆರೆಸುತ್ತಿದ್ದಳು. ಅಡುಗೆಮನೆಯ ಕಬ್ಬಿಣದ ಬಾಗಿಲು ಯಾವಾಗಲೂ ಮುಚ್ಚಿರಬೇಕೆಂಬುದು ಬೆಂಕಿಯ ಭಯದ ನಿಯಮ. ಬಂದವರು ಬಡಿಯಬೇಕು. ಆ ಬೆಳಿಗ್ಗೆ ನಾನು ಕೂತು ನೋಡುತ್ತಿದ್ದೇನೆ, ಬಾಗಿಲು ಬಡಿದ ಸದ್ದಾದೊಡನೆ, ತೆರೆಯುವ ಮೊದಲೇ, ಗುಲಾಬಿ ಸೂಜಿಮೆಣಸು ಕಿವುಚಿದ ಬಟ್ಟಲು ಎತ್ತಿಕೊಂಡಳು. ಬಂದವನು ಬಸವಂತ.

“ಅವನೇ ಅಂತ ಹೇಗೆ ಗೊತ್ತಾಯಿತು?”

“ಎಂತ ಕೇಳ್ತ್ರಿ ಮಾರಾಯ್ರೆ. ಅವ ಬಡುದೇ ಹಾಂಗ್ ಅಲ್ದಾ, ಹಿಂದೆ ನಾಯಿ ಅಟ್ಟಿಸ್ಕಂಡ್ ಬಂದಾಂಗೆ.”

ನನ್ನ ಮುಖದ ಊತ ಇಳಿಯಿತು. ಹೀಲಿಯಂ ಗಂಟಲು ಕೆಡಿಸೀತು, ಬಾಗಿಲು ಬಡಿಯುವ ರೀತಿಯನ್ನು ಕೆಡಿಸಲಾರದು. ಅದು ಉಕ್ಕಿನಲ್ಲಿ ಹರಿದು ನೆಲೆಗೆಲ್ಲ ಕೇಳಿಸುತ್ತದೆ, ನೀರಿನಲ್ಲಿರುವವನಿಗೂ ಕೇಳಿಸುತ್ತದೆ. ಮೇಲಾಗಿ ಯಾರೂ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ, ಎಲ್ಲರಿಗೂ ಎಲ್ಲರೂ ಬಾಯಿಪಾಠ.

ಗಂಜಿಗೆ ಬರುವ ಸರದಿಯನ್ನೇ ಅಂಕಿಗಳ ಸರದಿ ಮಾಡಿದೆ. ಬಸವಂತನ ಅವಸರದ ಬಡಿತ ಒಂದು. ಮೊದಲ ಇಬ್ಬರಿಗೆ ಬಡಿಸಿ ತಾನೂ ಬಟ್ಟಲು ಹಿಡಿದು ಕೂರುತ್ತಿದ್ದ ಗುಲಾಬಿ ಮೂರು. ಅವಳು ಮಲಗಿದವರನ್ನು ಎಬ್ಬಿಸಲು ಸೌಟಿನಿಂದ ಬಾಗಿಲಿಗೆ ಹೊಡೆಯುವ ಒಂದೇ ಒಂದು ಏಟು ಅವಳ ಅಂಕಿ. ಶೀನಣ್ಣ ಐದು: ಬೆರಳಗೆಣ್ಣಿನಿಂದ ಮೆಲ್ಲಗೆ ಎರಡು, ಒಂದು ಉಸಿರಿನಷ್ಟು ಬಿಡುವು, ಆಮೇಲೆ ಇನ್ನೊಂದು. ಎಲ್ಲರಿಗಿಂತ ತಡವಾಗಿ ಏಳುವ ಡಾಕ್ಟರ್ ಲವೀನಾ ಏಳು. ಬಾಗಿಲು ಬಡಿಯದೆ ನುಗ್ಗುವವಳು ನಾನೊಬ್ಬಳೇ ಆದ್ದರಿಂದ ಎಲ್ಲರೂ ಸೇರಿ ನನ್ನನ್ನು ಸೊನ್ನೆ ಮಾಡಿದರು. ಗೋಡೆಯ ಮೇಲೆ ಅಂಗೈ ಸವರಿದರೆ ನಾನು. ಎಂಟಾದರೆ ಎಲ್ಲರೂ ಬಂದಂತಾಯಿತು, ಹಾಗಾಗಿ ಎಂಟರ ಗುಂಪಿಗೆ ‘ಮನೆ’ ಎಂದು ಹೆಸರಿಟ್ಟೆವು. ದಡದವರ ಲೆಕ್ಕದಲ್ಲಿ ಹತ್ತು ಇರುವ ಜಾಗದಲ್ಲಿ ನಮ್ಮದು ಮನೆ. ಮೊದಲು ಎರಡರ ಬಡಿತ, ಆಮೇಲೆ ಮೂರರ ಬಡಿತ ಬಂದರೆ ಎರಡು ಮನೆ ಮೂರು, ಅಂದರೆ ಎರಡು ಎಂಟು ಹದಿನಾರು, ಮೇಲೆ ಮೂರು, ನಿಮ್ಮ ಹತ್ತೊಂಬತ್ತು.

“ನಾನೂ ಇವ್ಳೂ ಕೂಡಿರೆ ಮನೆ ಆತ್ತ್ ಕಾಣಿ,” ಎಂದು ಶೀನಣ್ಣ ಬೀಗಿದ.

“ಲೆಕ್ಕದಲ್ ಕೂಡಿರೆ ಸಾಕಾ?” ಎಂದಳು ಗುಲಾಬಿ. “ಪಾತ್ರೆ ತೊಳುಕೆ ಯಾರ್ ಬತ್ರ್?”

ಎರಡನೆಯ ತಂಡ ಬಂತು, ಮೂರನೆಯದು ಬಂತು. ಬಂದವರೆಲ್ಲ ನಮ್ಮನ್ನು ಬಡಿಯುವುದು ಕಲಿತರು. ಅಂಕಿಗಳ ಸುತ್ತ ಮಾತು ಹುಟ್ಟಿತು, ಬೈಗುಳ ಹುಟ್ಟಿತು, ಜೋಗುಳದಂಥ ಏನೋ ಒಂದು ಹುಟ್ಟಿತು. ಸೋಮಾರಿಯನ್ನು ‘ಏಳು’ ಎಂದು ಕರೆದರು, ಲವೀನಾ ಸಿಟ್ಟಾಗಲಿಲ್ಲ. ಗಟ್ಟಿ ಹಗ್ಗಕ್ಕೆ, ಸೋರದ ಬೆಸುಗೆಗೆ, ನಂಬಿ ಬೆನ್ನು ತಿರುಗಿಸಬಹುದಾದ ಮನುಷ್ಯನಿಗೆ ‘ಐದು’ ಎಂದರು. ಶೀನಣ್ಣನಿಗೆ ಇದು ಕೇಳಿ ನಾಚಿಕೆಯಾಗುತ್ತಿತ್ತು. ನಾನು ಕಟ್ಟಿದ ಭಾಷೆ ನನ್ನ ಕೈ ಬಿಟ್ಟು ತಾನೇ ನಡೆಯತೊಡಗಿತ್ತು, ಅದನ್ನು ನೋಡುವುದಕ್ಕಿಂತ ದೊಡ್ಡ ಸುಖ ನಾನು ಕಂಡಿಲ್ಲ.

ಆಳದ ಒತ್ತಡ ಮೂಳೆಯನ್ನು ಒಳಗೊಳಗೇ ತಿನ್ನುತ್ತದೆ. ಶೀನಣ್ಣನ ಸೊಂಟ ಮೊದಲು ಹೋಯಿತು, ಆಮೇಲೆ ಹೃದಯ ಸೋತಿತು. ಮೇಲಕ್ಕೆ ಒಯ್ದರು, ಗುಲಾಬಿಯೂ ಹೋದಳು. ಆಸ್ಪತ್ರೆಯಲ್ಲೇ ಅವನು ತೀರಿಕೊಂಡ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ, ನೆಂಟರು ಎಷ್ಟು ಬೇಡವೆಂದರೂ ಕೇಳದೆ, ಗುಲಾಬಿ ಕೆಳಗಿಳಿದು ಬಂದಳು. ತೋಟ ಹಾಳಾಗುತ್ತದೆ ಎಂದಳು. ನಾವು ಯಾರೂ ಹೆಚ್ಚು ಮಾತಾಡಿಸಲಿಲ್ಲ.

ಬಂದ ದಿನ ಅವಳು ಗಂಜಿ ತಿರುವುತ್ತಿದ್ದಾಗ ಹೊರಗೆ ಗ್ಯಾಸಿನ ಸಿಲಿಂಡರುಗಳ ಬಳಿ ಇದ್ದ ಬಸವಂತ ಒಂದು ಲೆಕ್ಕ ಕಳಿಸಿದ. ಅದರಲ್ಲಿ ಐದು ಇತ್ತು. ಮೆಲ್ಲಗೆ ಎರಡು, ಬಿಡುವು, ಇನ್ನೊಂದು. ಗುಲಾಬಿ ಸೌಟು ಹಿಡಿದವಳು ಹಾಗೇ ಬಾಗಿಲ ಕಡೆ ತಿರುಗಿದಳು. ಅಡುಗೆಮನೆಯಲ್ಲಿದ್ದ ನಾವೆಲ್ಲ ನೋಡಿದೆವು, ನೋಡಿ ತಲೆ ತಗ್ಗಿಸಿದೆವು.

ಮಾರನೆಯ ದಿನದಿಂದ ನೆಲೆಯಲ್ಲಿ ಯಾರೂ ಐದು ಬಡಿಯಲಿಲ್ಲ. ಸಭೆ ಸೇರಿ ನಿರ್ಧರಿಸಿದ್ದಲ್ಲ, ಯಾರೂ ಯಾರಿಗೂ ಹೇಳಿದ್ದಲ್ಲ. ಅದರ ಬದಲು ನಾಲ್ಕು ಬಡಿದು, ಗೋಡೆಯನ್ನು ಉಗುರಿನಿಂದ ಗೀರಿ, ಒಂದು ಬಡಿಯುವುದು. ಗೀರಿದರೆ ‘ಕೂಡಿಸು’ ಎಂದರ್ಥ. ನಾಲ್ಕು ಕೂಡಿಸು ಒಂದು. ಲೆಕ್ಕ ಕಟ್ಟಿದವಳಾಗಿ ನನಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ, ನಾನೂ ಗೀರಿದೆ. ಶೀನಣ್ಣನನ್ನು ನೋಡದೇ ಇದ್ದ ಹೊಸಬರು ಕೂಡ ನಮ್ಮನ್ನು ನೋಡಿ ಗೀರಿದರು. ಹೀಗೆ ತಿಂಗಳುಗಳು ಕಳೆದವು.

ಪಾಚಿಯ ತೋಟದ ನಡುವೆ ಮಗುಚಿದ ಹಂಡೆಯಂಥ ಒಂದು ಉಕ್ಕಿನ ಗೂಡು ಇದೆ. ಅದರೊಳಗೆ ಗಾಳಿ ತುಂಬಿರುತ್ತದೆ, ಕೆಲಸದ ನಡುವೆ ಅಲ್ಲಿ ತಲೆಯೆತ್ತಿ ಕೂತು ಸುಧಾರಿಸಿಕೊಳ್ಳಬಹುದು. ಆ ದಿನ ಗುಲಾಬಿ ಅಲ್ಲಿದ್ದಳು. ಗೂಡಿನ ಗಾಳಿ ಹಳತಾಗಿದೆ, ಆಮ್ಲಜನಕದ ವಾಲ್ವು ಐದು ಸುತ್ತು ಬಿಡಬೇಕು ಎಂದು ಹೊರಗಿನ ಬಸವಂತ ಕೊಳವೆಯ ಮೇಲೆ ಬಡಿದ. ನಾಲ್ಕು ಬಡಿದ, ಗೀರಿದ, ಒಂದು ಬಡಿದ. ಕಂಟ್ರೋಲ್ ರೂಮಿನಲ್ಲಿ ವಾಲ್ವಿನ ಬಳಿ ಇದ್ದವನು ದಿನಕರ, ಹೊಸ ತಂಡದ ತಂತ್ರಜ್ಞ. ಪಂಪಿನ ಗದ್ದಲದಲ್ಲಿ ಅವನಿಗೆ ಗೀರಿದ್ದು ಕೇಳಲಿಲ್ಲ. ಕೇಳಿದ್ದು ನಾಲ್ಕು, ಒಂದು. ಅಂದರೆ ನಾಲ್ಕು ಮನೆ ಒಂದು, ದಡದ ಲೆಕ್ಕದ ಮೂವತ್ತಮೂರು. ನಿಯಮದಂತೆ ಅವನು ಕೇಳಿದ್ದನ್ನು ತಿರುಗಿ ಬಡಿದು ತೋರಿಸಿದ. ಬಸವಂತನಿಗೆ ನಾಲ್ಕು, ಒಂದು ಎಂದು ಕೇಳಿತು. ನಡುವಿನ ಗೀರನ್ನು ಅವನು ಮನಸ್ಸಿನಲ್ಲೇ ಸೇರಿಸಿಕೊಂಡು ಸರಿ ಎಂದ.

ದಿನಕರ ತಿರುಗಿಸುತ್ತಲೇ ಹೋದ. ಆ ಆಳದಲ್ಲಿ ಆಮ್ಲಜನಕ ಹೆಚ್ಚಾದರೆ ಅದೇ ವಿಷ. ಗುಲಾಬಿಗೆ ಫಿಟ್ಸ್ ಬಂತು. ಬಸವಂತ ಗೂಡಿನಿಂದ ಅವಳನ್ನು ಎಳೆದು, ಮುಖವಾಡ ಹಾಕಿ ಹೊತ್ತುಕೊಂಡು ಒಳಗೆ ಬಂದಾಗ ಅವಳ ಬಾಯಲ್ಲಿ ರಕ್ತವಿತ್ತು. ಲವೀನಾ ಅವತ್ತು ಗುಲಾಬಿಯ ಮಂಚದ ಪಕ್ಕದಿಂದ ಅಲುಗಲಿಲ್ಲ. ಗುಲಾಬಿ ಕಣ್ಣು ಬಿಟ್ಟು “ನಾಲ್ಗಿ ಕಚ್ಕಂಡೆ,” ಎಂದಾಗ ನಮಗೆ ಹೋದ ಜೀವ ಬಂತು.

ಮರುದಿನ ಬೆಳಿಗ್ಗೆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಹೇರ್ಳೆಯವರು ಕಾಣಿಸಿಕೊಂಡರು. ದನಿ ತಿದ್ದುವ ಯಂತ್ರ ಅದೃಷ್ಟಕ್ಕೆ ಎಚ್ಚರವಾಗಿತ್ತು. ಮಲಗಿರಬೇಕಾದ ಗುಲಾಬಿ ಕಂಬಳಿ ಹೊದ್ದು ಬಂದು ಕೂತಳು.

“ಐದು ಅನ್ನುವುದಕ್ಕೆ ನಾಲ್ಕು, ಒಂದು ಯಾಕೆ ಬಡಿದಿರಿ?” ಎಂದು ಹೇರ್ಳೆಯವರು ಬಸವಂತನನ್ನು ಕೇಳಿದರು.

ಬಸವಂತ ನೆಲ ನೋಡಿದ.

“ನಾನು ಹಳೆಯ ಧ್ವನಿಮುದ್ರಣವನ್ನೆಲ್ಲ ಕೇಳಿಸಿಕೊಂಡೆ. ಇಷ್ಟು ತಿಂಗಳಲ್ಲಿ ಒಂದು ಐದೂ ಇಲ್ಲ. ನಿಮ್ಮ ನೆಲೆಯಲ್ಲಿ ಐದು ಎಂಬ ಅಂಕಿಯೇ ಸತ್ತುಹೋಗಿದೆಯಾ?”

ಹೇರ್ಳೆ ಕೆಟ್ಟವರಲ್ಲ, ಹೆದರಿದ್ದರು. ಮನುಷ್ಯರ ಗುರುತೇ ಇಲ್ಲದ ಶುದ್ಧ ಅಂಕಿಗಳು ಸಿದ್ಧವಾಗಿವೆ, ಗುಂಡಿ ಒತ್ತಿದರೆ ಯಂತ್ರ ಸದ್ದು ಮಾಡುತ್ತದೆ, ನಾಳೆಯೇ ಕಳಿಸುತ್ತೇನೆ, ಈ ಬಡಿತ ಇನ್ನು ಸಾಕು ಎಂದರು. ಎಷ್ಟೋ ವರ್ಷಗಳ ಒಂದು ಭಾಷೆ, ಅದನ್ನು ಆಡುವ ಒಂದು ಊರು. ಆದರೂ ಗುಲಾಬಿಯ ಕಚ್ಚಿದ ನಾಲಗೆಯ ಮುಂದೆ ವಾದಿಸಲು ನನಗೆ ಮಾತಿರಲಿಲ್ಲ, ಇದ್ದದ್ದು ಸತ್ಯ ಮಾತ್ರ. ಅದನ್ನೇ ಹೇಳಿದೆ.

“ಗುಲಾಬಿಗೆ ನೋವಾಗಬಾರದು ಅಂತ ಬಿಟ್ಟೆವು ಸರ್. ಆ ಬಡಿತ ಕೇಳಿದರೆ ಆಕೆ ಬಾಗಿಲು ನೋಡುತ್ತಾರೆ.”

ಗುಲಾಬಿ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು.

“ನಂಗೋಸ್ಕರ ಬಿಟ್ಟದ್ದಾ?” ಎಂದಳು. ನಾಲಗೆ ಊದಿದ್ದರಿಂದ ಮಾತು ನಿಧಾನವಾಗಿ ಬರುತ್ತಿತ್ತು. “ಬೊಜ್ಜ ಮುಗ್ಸಿ ಬಂದ ದಿನ ಬಾಗ್ಲ್ ಬಡ್ದಾಂಗ್ ಆಯ್ತ್. ತಿರ್ಗಿ ಕಂಡೆ. ಅವ್ರಲ್ಲ, ಗ್ಯಾಸಿನ ಲೆಕ್ಕ ಅಂದ್ ಗೊತ್ತಾಯ್ತ್. ಆದ್ರೂ ಎಷ್ಟ್ ಸಮಾಧಾನ ಆಯ್ತ್ ಗೊತ್ತಿತ್ತಾ ನಿಮ್ಗೆ? ದಿನಾ ಇಪ್ಪತ್ತ್ ಸಲ ಕೇಳ್ಲಕ್ಕ್ ಅಲ್ದಾ ಅಂದ್ ಎಣ್ಸ್ದೆ. ಅದ್ಕೇ ಅಲ್ದಾ ನಾನ್ ಇಲ್ಲಿಗ್ ವಾಪಸ್ ಬಂದದ್ದ್. ಮರ್ದಿನದಿಂದ ಪೂರಾ ನಿಂತ್ ಹೋಯ್ತ್. ಎಲ್ಲ ಅವ್ರನ್ನ ಮರ್ತ್ರ್ ಅಂದ್ ಎಣ್ಸ್ಕಂಡೆ.”

ಬಸವಂತ ತೋಳಿನಿಂದ ಮುಖ ಒರೆಸಿಕೊಂಡ. ನನಗೂ ಅಳು ಬಂತು, ತಡೆಯಲಿಲ್ಲ. ಇಷ್ಟು ತಿಂಗಳು ಪ್ರೀತಿ ಎಂದುಕೊಂಡು ನಾವು ಅವಳ ಗಂಡನನ್ನು ಮನೆಯಿಂದ ಹೊರಗೆ ಹಾಕಿದ್ದೆವು.

ಹೇರ್ಳೆ ಕನ್ನಡಕ ತೆಗೆದು ಹಾಕಿಕೊಂಡರು. “ಗುಲಾಬಿಯವರೇ, ನಾಳೆ ಮತ್ತೆ ಯಾರದೋ ಕೈ ಹಿಂಜರಿದರೆ? ನೆನಪಿಗಾಗಿ ನಾನು ಜೀವ ಪಣಕ್ಕಿಡಲಾರೆ.”

“ನೆನಪಿಗ್ ಅಲ್ಲ ಸಾರ್. ಲೆಕ್ಕಕ್ಕೇ ಐದ್ ಬೇಕ್. ಅವ್ರ್ ಇದ್ದಿದ್ರೂ ಹಾಂಗೇ ಹೇಳ್ತಿದ್ರ್.”

ಹೇರ್ಳೆ ಎದುರಿಗಿದ್ದ ಕಾಗದದಲ್ಲಿ ಏನೋ ಬರೆದುಕೊಂಡರು. “ಇವತ್ತು ಸಂಜೆಯ ಸಿಲಿಂಡರುಗಳ ಲೆಕ್ಕವನ್ನು ನಾನೇ ಕೇಳಿಸಿಕೊಳ್ಳುತ್ತೇನೆ. ಐದು ಬಂದಲ್ಲಿ ಐದೇ ಬರಬೇಕು. ಒಂದು ಗೀರು ಕೇಳಿಸಿದರೂ ನಾಳೆಯಿಂದ ಯಂತ್ರದ ಅಂಕಿ,” ಎಂದು ಪರದೆಯಿಂದ ಮರೆಯಾದರು.

ಮಧ್ಯಾಹ್ನ ನಾನು ಎಂದಿನಂತೆ ಬಡಿಯದೆ ಅಡುಗೆಮನೆಗೆ ನುಗ್ಗಿದರೆ ದಿನಕರ ಅಪರಾಧಿಯ ಹಾಗೆ ನಿಂತಿದ್ದ. ಗುಲಾಬಿ ಅವನ ಕೈಯನ್ನು ಬಾಗಿಲ ಮೇಲಿಟ್ಟು ಐದು ಕಲಿಸುತ್ತಿದ್ದಳು. ಅವನು ಪೊಲೀಸಿನವರ ಹಾಗೆ ಬಡಿಯುತ್ತಿದ್ದ.

“ಹಾಂಗಲ್ಲ ಮಗಾ. ಮದ್ವಿ ಆದ ಹೊಸತ್ರಲ್ಲಿ ಅವ್ರ್ ಮೀನಿಗ್ ಬಲೆ ಬಿಟ್ಟ್ ಬೆಳಗಾಪುಕ್ ಮುಂಚೆ ಮನಿಗ್ ಬಪ್ಪುದ್. ಅತ್ತೆ ಏಳ್ಬಾರ್ದ್, ನಾನ್ ಮಾತ್ರ ಏಳ್ಕ್. ಅದ್ಕೆ ಎರಡ್ ಸಲ ಬಡ್ದ್, ಅತ್ತೆ ಕೆಮ್ಮು ಕೇಳ್ತಾ ಅಂದ್ ಕಾದ್, ಮತ್ತೊಂದ್. ಅತ್ತೆ ಒಳ್ಗ್ ಮಲ್ಗಿರ್ ಅಂದ್ ಎಣ್ಸ್ಕಂಡ್ ಬಡಿ.”

ದಿನಕರ ಮತ್ತೆ ಬಡಿದ. ಈ ಸಲ ಸರಿಯಾಗಿ ಬಂತು. ಅಷ್ಟು ವರ್ಷ ನಾನು ಆ ಬಿಡುವನ್ನು ಅಳೆದು, ಕಾಗದದ ಮೇಲೆ ಗುರುತು ಹಾಕಿ, ಪಾಠ ಮಾಡಿದ್ದೆ. ಅದರೊಳಗೆ ಒಬ್ಬ ಅತ್ತೆ ಮಲಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಲೆಕ್ಕ ಕೇಳುವ ಕುರ್ಚಿಯಲ್ಲಿ ಗುಲಾಬಿಯೇ ಕೂತಳು. ಲವೀನಾ ಬೇಡ ಎಂದಳು, ಗುಲಾಬಿ ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೆಯಲ್ಲಿ ಹೇರ್ಳೆ. ಹೊರಗೆ ನೀರಿನಲ್ಲಿ ಬಸವಂತ, ಸಿಲಿಂಡರುಗಳ ಮುಳ್ಳು ಓದಲು. ಬೆಳಗಿನ ಮಾತೆಲ್ಲ ಅವನ ಎದುರೇ ಆದದ್ದು. ನಾವು ಉಳಿದವರು ಕೆಲಸವಿದ್ದಂತೆ ನಟಿಸುತ್ತ ಬಾಗಿಲಲ್ಲಿ ನಿಂತಿದ್ದೆವು.

ಮೊದಲ ಸಿಲಿಂಡರು, ಆರು ಮನೆ ಎರಡು. ಗುಲಾಬಿ ತಿರುಗಿ ಬಡಿದು ಸರಿ ಎಂದಳು. ಎರಡನೆಯದು ಏಳು ಮನೆ, ನನ್ನ ಸೊನ್ನೆ. ಸರಿ. ಮೂರನೆಯದಕ್ಕೆ ಮೂರು ಮನೆ ಎಂದು ಸೌಟಿನ ಏಟು ಬಂತು, ಆಮೇಲೆ ಏನೂ ಬರಲಿಲ್ಲ.

ಕಾದೆವು. ಹೇರ್ಳೆ ಮುಂದಕ್ಕೆ ಬಾಗಿದರು. “ಗುಲಾಬಕ್ಕ ಕೂತಾಳಂತ ಗೊತ್ತಿತ್ರಿ, ಬಡೀಬೇಕಂತಾನೂ ಗೊತ್ತಿತ್ತು, ಕೈ ಏಳಲಿಲ್ಲ,” ಎಂದು ಬಸವಂತ ಆಮೇಲೆ ಹೇಳಿದ. ಮುಳುಗುವಾಗ ಯಾವತ್ತೂ ಶೀನಣ್ಣನ ಜೋಡಿಯಾಗಿದ್ದವನು ಅವನೇ. ಗೀರಿಬಿಟ್ಟಾನೇ ಎಂದು ನಾನು ಗೋಡೆಗೆ ಕಿವಿ ಹಚ್ಚಿದೆ.

ಗುಲಾಬಿ ಕಂಬಳಿಯೊಳಗಿಂದ ಕೈ ತೆಗೆದು ಕೊಳವೆಯ ಮೇಲೆ ತಾನೇ ಬಡಿದಳು. ಮೆಲ್ಲಗೆ ಎರಡು. ಕಾದಳು. ಇನ್ನೊಂದು. ಅದು ಉಕ್ಕಿನಲ್ಲಿ ಹರಿದು ಹೊರಗೆ ಹೋಯಿತು.

ಕಡಲಿನ ಕಡೆಯಿಂದ ಉತ್ತರ ಬಂತು. ಎರಡು. ಬಿಡುವು. ಒಂದು.

ಗುಲಾಬಿ ಬಾಗಿಲು ನೋಡಿದಳು. ನಾವು ಈ ಸಲ ತಲೆ ತಗ್ಗಿಸಲಿಲ್ಲ, ಅವಳ ಜೊತೆ ನಾವೂ ನೋಡಿದೆವು. ಆಮೇಲೆ ಅವಳು ಸರಿ ಎಂದು ಬಡಿದು ನಾಲ್ಕನೆಯ ಸಿಲಿಂಡರಿನ ಲೆಕ್ಕ ಕೇಳಿದಳು. ಅದರಲ್ಲೂ ಒಂದು ಐದು ಇತ್ತು, ಅದು ತಡವಿಲ್ಲದೆ ಬಂತು. ಹೇರ್ಳೆ ಕೊನೆಯವರೆಗೂ ಕೇಳಿಸಿಕೊಂಡು, “ಆ ಯಂತ್ರ ಇಲ್ಲಿ ದಡದಲ್ಲೇ ಇರಲಿ ಬಿಡಿ,” ಎಂದಷ್ಟೇ ಹೇಳಿ ಪರದೆ ಆರಿಸಿದರು.

ಬಸವಂತ ನೀರು ಸುರಿಸುತ್ತ ಒಳಗೆ ಬಂದಾಗ ಗುಲಾಬಿ ಅವನಿಗಾಗಿ ಸೂಜಿಮೆಣಸಿನ ಬಟ್ಟಲು ಹಿಡಿದು ನಿಂತಿದ್ದಳು. ಅವನಿಗೆ ಅವಳ ಮುಖ ನೋಡಲು ಧೈರ್ಯವಿರಲಿಲ್ಲ.

“ಎಷ್ಟ್ ಜೋರ್ ಬಡಿತೆ ಮಾರಾಯ. ಅವ್ರ್ ಅಷ್ಟ್ ಜೋರ್ ಬಡಿತಿರ್ಲಿಲ್ಲೆ,” ಎಂದಳು.

“ನೀರಾಗ ಮೆಲ್ಲಗ ಬಡದ್ರ ಕೇಳಸಂಗಿಲ್ರೀ ಅಕ್ಕಾ.”

“ಕೇಳ್ತ್,” ಎಂದಳು ಗುಲಾಬಿ. “ನಂಗ್ ಕೇಳ್ತ್.”